ಎರಡನೇ ಚರಣದ ಹಾಲು

ಗಲ್ಲ ಇಲ್ಲಿಡಿ, ಹಣೆ ತಾಗಿಸಿ, ಅಲ್ಲಾಡಬೇಡಿ
ಅಂದ ಶಿವಾಜಿನಗರದ ಕನ್ನಡಕದಂಗಡಿಯ ಹುಡುಗ.
ಮಷೀನಿನೊಳಗೆ ಒಂದು ನೇರ ರಸ್ತೆ,
ರಸ್ತೆಯ ತುದಿಗೆ ಕೆಂಪು ಬಲೂನು,
ಮಂಜಾಗಿ, ತಿಳಿಯಾಗಿ, ಮತ್ತೆ ಮಂಜಾಗಿ.
ಅಷ್ಟರಲ್ಲಿ ಅವನ ಮೊಬೈಲಿನಿಂದ ಶುರುವಾಯಿತು
ಆ ಹಾಡು.

ತೊಂಬತ್ತಾರನೇ ಇಸವಿಯ ಪಾಪ್ ಹಾಡು.
ಆಗ ಆಟೋಗಳಲ್ಲಿ, ಬಳೆ ಅಂಗಡಿಯಲ್ಲಿ,
ಕೋಳಿ ಕೊಯ್ಯುವವನ ರೇಡಿಯೋದಲ್ಲೂ ಅದೇ.
ಅರ್ಥ ನಮಗೆ ಯಾರಿಗೂ ಗೊತ್ತಿರಲಿಲ್ಲ.
ಟ್ಯಾನರಿ ರೋಡಿನ ಕನ್ನಡ ಶಾಲೆಯ ಏಳನೇ ಕ್ಲಾಸಿಗೆ
ಅರ್ಥ ಬೇಕಿರಲಿಲ್ಲ,
ಸ್ಕೂಲ್ ಡೇಗೆ ಒಂದು ಡ್ಯಾನ್ಸ್ ಬೇಕಿತ್ತು.

ಕ್ಯಾಸೆಟ್ ತಂದವಳು ಶಮ್ಶಾದ್.
ಅಂಗಡಿಯದಲ್ಲ. ರೇಡಿಯೋದ ಮುಂದೆ ಟೇಪ್‌ರೆಕಾರ್ಡರ್ ಇಟ್ಟು
ಉಸಿರು ಬಿಗಿಹಿಡಿದು ಅವಳಣ್ಣ ಹಿಡಿದ ಹಾಡು.
ಹಾಡಿನ ಜೊತೆ ಮನೆಯೂ ಸಿಕ್ಕಿಬಿದ್ದಿತ್ತು:
ಮೊದಲು ಕುಕ್ಕರಿನ ಒಂದು ಕೂಗು,
ಯಾರೋ ಬಕೆಟ್ ಎಳೆದ ಸದ್ದು,
ಎರಡನೇ ಚರಣ ಏರುವ ಹೊತ್ತಿಗೆ ಸರಿಯಾಗಿ
ಅವಳಮ್ಮ, ಒಳಗಿನಿಂದ:
"ಶಮ್ಮೂ... ದೂದ್ ದೇಖ್ ಮಾ, ದೂದ್!"

ನಾವು ನಕ್ಕು ನಕ್ಕು ಸಿಮೆಂಟಿನ ಮೇಲೆ ಉರುಳಿದೆವು.
ಬೇರೆ ಕ್ಯಾಸೆಟ್ಟಿಗೆ ದುಡ್ಡಿರಲಿಲ್ಲ.
ರತ್ನಾಬಾಯಿ ಮಿಸ್ ಕಣ್ಣು ಮುಚ್ಚಿ ಎರಡು ಸಲ ಕೇಳಿ
"ಇರಲಿ ಬಿಡ್ರೇ, ಅಲ್ಲಿ ಎಲ್ಲರೂ ತಿರುಗಿ ನೋಡಿ" ಅಂದರು.
ಅದೇ ಸ್ಟೆಪ್ ಆಯಿತು.
ಎಂಟು ಹುಡುಗಿಯರು, ಸೊಂಟದ ಮೇಲೆ ಕೈ,
ದೂದ್ ಅಂದ ತಕ್ಷಣ ಗಕ್ಕನೆ ಹಿಂದಕ್ಕೆ ಕತ್ತು.
ಶಾಮಿಯಾನದಡಿ ಕೂತವರೆಲ್ಲ ಸೀಟಿ ಹೊಡೆದರು.
ಕೊನೇ ಸಾಲಿನಲ್ಲಿ ಒಬ್ಬಾಕೆ,
ತನ್ನದೇ ದನಿ ಅಷ್ಟು ದೊಡ್ಡದಾಗಿ ಕೇಳಿ
ಎದ್ದು ಹೊರಗೆ ಹೋದರು.
ನಗುತ್ತಿದ್ದರಂತೆ. ಶಮ್ಶಾದ್ ಹೇಳಿದ್ದು.

ಆಮೇಲೆ ಕ್ಯಾಸೆಟ್ ನನ್ನ ಹತ್ತಿರ ಉಳಿಯಿತು.
"ನಾಳೆ ಕೊಡ್ತೀನಿ." ಎಷ್ಟೋ ನಾಳೆ.
ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ,
ಚಿಕ್ಕಪ್ಪನ ಟೇಪ್‌ರೆಕಾರ್ಡರಿನ ಕೆಂಪು ಗುಂಡಿ ಒತ್ತಿ
ಅದೇ ಹಾಡನ್ನ ನಾನೇ ಹಾಡಿದೆ.
ಪೂರ್ತಿ. ಬಲು ಸೊಗಸಾಗಿ ಅಂದುಕೊಂಡು.
ಒಂದು ದನಿ ಕೂರಬೇಕಾದರೆ ಇನ್ನೊಂದು ಏಳಬೇಕೆಂದು
ಗೊತ್ತಿರಲಿಲ್ಲ ಅಂತ ಹೇಳಲಾರೆ. ಗೊತ್ತಿತ್ತು.
ಹಾಡು ತಾನೇ, ಎಲ್ಲಾ ಕಡೆ ಸಿಗುತ್ತೆ ಅಂದುಕೊಂಡೆ.

ಎಂಟನೇ ಕ್ಲಾಸು ಶುರುವಾಗಿ ತಿಂಗಳಿಗೆ
ಅವಳಮ್ಮ ಹೋದರು.
ನಲವತ್ತು ದಿನ ಕಳೆದು ನಮ್ಮ ಬಾಗಿಲಿಗೆ ಬಂದಳು ಶಮ್ಶಾದ್,
ಚಪ್ಪಲಿ ಬಿಡಲಿಲ್ಲ, ಒಳಗೆ ಬರಲಿಲ್ಲ.
"ಆ ಕ್ಯಾಸೆಟ್ ಕೊಡೇ. ಹಾಡು ಬೇಡ.
ಅದರಲ್ಲಿ ದೂದ್ ಇದೆಯಲ್ಲ, ಅಷ್ಟು ಸಾಕು."
ಕಳೆದುಹೋಯ್ತು ಅಂದೆ.
ಹುಡುಕ್ತೀಯಾ ಅಂದಳು.
ಹುಡುಕ್ತೀನಿ ಅಂದೆ.

ಈಗ, ಅಂಗಡಿಯಲ್ಲಿ, ಹಾಡು ತೊಳೆದಿಟ್ಟ ಹಾಗಿದೆ.
ಕುಕ್ಕರಿಲ್ಲ, ಬಕೆಟ್ಟಿಲ್ಲ.
ಅವತ್ತು ನಮಗೆ ಕೇಳಿಸದೇ ಹೋಗಿದ್ದ ಗಿಟಾರು ಕೂಡ ಇದೆ,
ಪಾಪ, ಎಷ್ಟು ಚೆನ್ನಾಗಿ ನುಡಿಸಿದ್ದಾರೆ.
ಎರಡನೇ ಚರಣ ಏರುತ್ತಿದೆ.
ಬಲೂನು ತಿಳಿಯಾಗುತ್ತಿದೆ.
ಕತ್ತಿಗೆ ಹೇಳುತ್ತೇನೆ, ಅಲ್ಲಾಡಬೇಡ.

ಯಾರೂ ಕೂಗಲಿಲ್ಲ.
ಕತ್ತು ತಿರುಗಿಯೇಬಿಟ್ಟಿತು.

ಮಷೀನು ಕೀಂ ಅಂದಿತು.
"ಏನ್ ಮೇಡಂ, ಇನ್ನೊಂದೇ ಸೆಕೆಂಡಿತ್ತು,
ಹಿಂದೆ ಯಾರಿದ್ರು?"
ಹಾಲಿಟ್ಟಿದ್ದೆ ಅಂದೆ.
ಎಲ್ಲಿ ಅಂತ ಅವನು ಕೇಳಲಿಲ್ಲ.
ಗಲ್ಲ ಇಡಿ ಅಂದ, ಮೊದಲಿಂದ.